‘ಎನ್ನಲಾಗಿದೆ’ ಎಂದವರು ಯಾರು?

ನಾಲ್ಕು ಪುಟದ ಕರಡಿನಲ್ಲಿ 11 ಕಡೆ ಕೆಂಪು ಪೆನ್ಸಿಲಿನ ಸುತ್ತು ಬಿದ್ದಿತ್ತು. ಬರೆದವಳೂ ನಾನೇ, ಸುತ್ತು ಹಾಕಿದವಳೂ ನಾನೇ. ಪ್ರತಿ ಸುತ್ತಿನೊಳಗೂ ಇದ್ದದ್ದು ಒಂದೇ ಪದ: ‘ಎನ್ನಲಾಗಿದೆ’. ಅಷ್ಟು ಹೊತ್ತಿಗೆ ಕೆಲಸ ಶುರುವಾಗಿ ಎರಡು ತಿಂಗಳಾಗಿತ್ತು, ಜಗಳ ಶುರುವಾಗಿ ಒಂದೂವರೆ ತಿಂಗಳು.

ಕಲಬುರಗಿಯ ನಮ್ಮ ಓದುಗರ ಬಳಗ ಪದವಿ ಕಾಲೇಜುಗಳ ಗ್ರಂಥಾಲಯಕ್ಕೆಂದು ಒಂದು ಕೈಪಿಡಿ ಸಿದ್ಧಪಡಿಸುತ್ತಿತ್ತು. 20ನೇ ಶತಮಾನದ ಭಾರತದ ಆಧ್ಯಾತ್ಮಿಕ ಗುರುಗಳ ಮೇಲೆ ಚಿಕ್ಕ ಚಿಕ್ಕ ಬರಹಗಳು, ಒಂದೊಂದೂ 1,200 ಪದ ಮೀರುವಂತಿಲ್ಲ. ಚೀಟಿ ಎತ್ತಿದಾಗ ನನ್ನ ಕೈಗೆ ಬಂದ ಹೆಸರು ರಜನೀಶ್, ಈಗಿನವರ ಬಾಯಲ್ಲಿ ಓಶೋ. ಬಳಗದ ನಿಯಮ ಒಂದಿತ್ತು: ಪ್ರತಿ ಬರಹವನ್ನೂ ಇಬ್ಬರು ಓದಬೇಕು, ಒಬ್ಬರು ಆ ಗುರುವನ್ನು ನಂಬುವವರು, ಇನ್ನೊಬ್ಬರು ನಂಬದವರು. ಇಬ್ಬರೂ ಸಹಿ ಹಾಕಿದ ಮೇಲೆಯೇ ಅಚ್ಚಿಗೆ ಹೋಗಬೇಕು. ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದ ನನಗೆ ಇದು ಹದಿನೈದು ದಿನದ ಕೆಲಸ ಎನಿಸಿತ್ತು.

ನಂಬುವವರು ನಮ್ಮ ಕಾಕಾ. ಸೂಪರ್ ಮಾರ್ಕೆಟ್ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದವರು, ಈಗ ಮಕ್ಕಳಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದಾರೆ. 1977ರಲ್ಲಿ ಇಲ್ಲಿಂದ ರೈಲು ಹತ್ತಿ, ಸೊಲ್ಲಾಪುರ, ದೌಂಡ್ ದಾಟಿ ಪುಣೆಗೆ ಹೋಗಿ ಸಂನ್ಯಾಸ ತೆಗೆದುಕೊಂಡು ಬಂದವರು. ಆಗ ಹಾಕಿಕೊಂಡಿದ್ದ 108 ಮಣಿಯ ಕಟ್ಟಿಗೆಯ ಮಾಲೆ, ಅದರ ತುದಿಯಲ್ಲಿ ಗುರುವಿನ ಭಾವಚಿತ್ರ, ಇಂದಿಗೂ ಅವರ ಕಪಾಟಿನಲ್ಲಿ ಸ್ಟೀಲಿನ ಡಬ್ಬಿಯೊಳಗೆ ಇದೆ. ನಂಬದವರು ವಕೀಲ ಸಾಹೇಬರು. ಯಾವ ಬಾಬಾ, ಯಾವ ಸ್ವಾಮಿಯ ಹೆಸರು ಬಂದರೂ ಅವರ ಹುಬ್ಬು ಮೇಲೇರುತ್ತದೆ. ಇಬ್ಬರೂ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಸಂಜೆ ಕೂಡುವುದೆಂದು ಗೊತ್ತಾಯಿತು. ಚಹಾ, ಸುಸಲಾ ನನ್ನ ಪಾಲಿಗೆ.

ಮೊದಲ ಜಗಳ ಮೊದಲ ವಾಕ್ಯಕ್ಕೇ ಆಯಿತು. ಪತ್ರಿಕೆಗಳ ರೂಢಿಯಂತೆ ನಾನು ‘ವಿವಾದಿತ ದೇವಮಾನವ’ ಎಂದು ಬರೆದಿದ್ದೆ.

“ಅವ್ವಾ, ಅವರು ಯಾವತ್ತಾದರೂ ತಾನು ದೇವರ ಅವತಾರ ಎಂದಿದ್ದಾರೇನು? ಬೂದಿ ಉದುರಿಸಿದರೇ? ಲಿಂಗ ಕಕ್ಕಿದರೇ?” ಎಂದರು ಕಾಕಾ.

“ಹಾಗಾದರೆ ಭಗವಾನ್ ಎಂದು ಹೆಸರಿಟ್ಟುಕೊಂಡವರು ಯಾರು, ಕಾಕಾ?” ಎಂದರು ವಕೀಲ ಸಾಹೇಬರು.

“ಭಗವಾನ್ ಎಂದರೆ ಭಾಗ್ಯವಂತ. ಬುದ್ಧನಿಗೂ ಅದೇ ಹೆಸರು.”

ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಜಬಲ್‌ಪುರದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಚಂದ್ರಮೋಹನ್ ಜೈನ್ 1966ರಲ್ಲಿ ಆ ಕೆಲಸ ಬಿಟ್ಟರು. 1960ರ ದಶಕದಲ್ಲಿ ಆಚಾರ್ಯ ರಜನೀಶ್, 1971ರಿಂದ ಭಗವಾನ್ ಶ್ರೀ ರಜನೀಶ್, 1989ರಲ್ಲಿ ಓಶೋ. ಯಾವ ವರ್ಷದ ಸಂಗತಿ ಹೇಳುತ್ತೇವೋ ಆ ವರ್ಷದ ಹೆಸರನ್ನೇ ಬಳಸುವುದು ಎಂದು ತೀರ್ಮಾನಿಸಿದೆವು. ಇದು ಸಣ್ಣ ಮಾತಲ್ಲ. ಮುಂದೆ ಬರುವ ಅಮೆರಿಕದ ಪ್ರಕರಣವನ್ನು ಓಶೋ ಹೆಸರಿನಲ್ಲಿ ಬರೆದರೆ, ಓಶೋ ಎಂಬ ಹೆಸರಿನ ಪುಸ್ತಕಗಳನ್ನು ಮಾತ್ರ ಬಲ್ಲ ಹುಡುಗರಿಗೆ ಕಾಲವೇ ಕಲಸಿಹೋಗುತ್ತದೆ. ಹಾಗೆಂದು ಅಲ್ಲಿ ರಜನೀಶ್, ಇಲ್ಲಿ ಓಶೋ ಎಂದು ಬರೆದು ಸುಮ್ಮನಾದರೆ ಇಬ್ಬರು ಬೇರೆ ಬೇರೆ ಮನುಷ್ಯರಾಗಿಬಿಡುತ್ತಾರೆ. ಆದ್ದರಿಂದ ಹೆಸರು ಬದಲಾದ ವರ್ಷವನ್ನೂ ಮೊದಲೇ ಹೇಳಿಬಿಟ್ಟೆವು. ‘ದೇವಮಾನವ’ ಹೋಯಿತು, ‘ಆಧ್ಯಾತ್ಮಿಕ ಗುರು’ ಬಂತು. ‘ವಿವಾದಿತ’ ಎಂಬ ವಿಶೇಷಣವನ್ನೂ ತೆಗೆದೆ. ವಿವಾದ ಏನೆಂದು ಕೆಳಗೆ ಹೇಳುವವಳು ಮೇಲೆಯೇ ಹಣೆಪಟ್ಟಿ ಹಚ್ಚುವುದೇಕೆ?

ಆಮೇಲೆ ಬಂದದ್ದು ಕನ್ನಡದ್ದೇ ಆದ ತೊಡಕು. ನಮ್ಮ ಭಾಷೆಯಲ್ಲಿ ಒಬ್ಬ ಮನುಷ್ಯನ ಬಗ್ಗೆ ಒಂದು ಕ್ರಿಯಾಪದ ಬರೆಯಬೇಕಾದರೂ ಅವನಿಗೆ ಗೌರವ ಕೊಡುತ್ತೇನೋ ಇಲ್ಲವೋ ಎಂದು ಮೊದಲು ನಿರ್ಧರಿಸಬೇಕು. ‘ಬಂದ’ ಎಂದರೆ ಒಂದು ತೀರ್ಪು, ‘ಬಂದರು’ ಎಂದರೆ ಇನ್ನೊಂದು. ವಕೀಲ ಸಾಹೇಬರು ತಮ್ಮ ಪ್ರತಿಯಲ್ಲಿ ಎಲ್ಲ ‘ರು’ಗಳನ್ನೂ ಹೊಡೆದುಹಾಕಿದ್ದರು. ಕಾಕಾ ತಮ್ಮ ಪ್ರತಿಯಲ್ಲಿ ರಜನೀಶರ ‘ರು’ ಉಳಿಸಿ, ಅಮೆರಿಕದಲ್ಲಿ ಅವರ ಕಾರ್ಯದರ್ಶಿಯಾಗಿದ್ದ ಮಾ ಆನಂದ ಶೀಲಾ ಬಂದ ಕಡೆಯಲ್ಲೆಲ್ಲ ‘ಹೇಳಿದರು’ ಇದ್ದದ್ದನ್ನು ‘ಹೇಳಿದಳು’ ಮಾಡಿದ್ದರು. ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಿಜಕ್ಕೂ ದುಃಖವಾಯಿತು. ಒಂದೇ ಒಂದು ಸಂಗತಿಯನ್ನೂ ಬದಲಿಸದೆ, ಬರೀ ಪ್ರತ್ಯಯಗಳಿಂದ ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಕೆಡವಬಹುದಿತ್ತು. ನಾನು ಎಲ್ಲರಿಗೂ ಬಹುವಚನ ಎಂದೆ, ಶಿಕ್ಷೆ ಅನುಭವಿಸಿದವರಿಗೂ. ಕಾಕಾ ಆ ಭಾನುವಾರ ಚಹಾ ಕುಡಿಯದೆ ಎದ್ದುಹೋದರು.

ಸಾವಿನ ಮಾತು ಬಂದಾಗಲೂ ಹೀಗೆಯೇ. 1990ರ ಜನವರಿ 19ರಂದು ಪುಣೆಯಲ್ಲಿ ಓಶೋ ತೀರಿಕೊಂಡರು. ಹುಟ್ಟಲೂ ಇಲ್ಲ, ಸಾಯಲೂ ಇಲ್ಲ, 1931ರ ಡಿಸೆಂಬರ್ 11ರಿಂದ 1990ರ ಜನವರಿ 19ರ ವರೆಗೆ ಈ ಭೂಮಿಗೆ ಬಂದು ಹೋದರು ಅಷ್ಟೇ ಎಂಬ ಅರ್ಥದ ಬರಹ ಅವರ ಸಮಾಧಿಯ ಮೇಲಿದೆ. ಕಾಕಾಗೆ ಅದೇ ಬೇಕು. ನಮ್ಮ ಊರು ಈ ವಿಷಯದಲ್ಲಿ ಅನುಭವಸ್ಥ ಊರು. ಮಠದ ಸ್ವಾಮಿಗಳು ಇಲ್ಲಿ ಸಾಯುವುದಿಲ್ಲ, ಲಿಂಗೈಕ್ಯರಾಗುತ್ತಾರೆ. 1422ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದ ಖ್ವಾಜಾ ಬಂದೇ ನವಾಜರ ಪುಣ್ಯತಿಥಿಗೆ ಉರುಸ್ ಎನ್ನುತ್ತೇವೆ, ಆ ಪದದ ಮೂಲದಲ್ಲಿರುವುದು ಮದುವೆ. ಭಕ್ತರ ಆ ಮಾತುಗಳು ನನಗೆ ಪ್ರೀತಿಯವು. ಆದರೆ ಕೈಪಿಡಿಯ ದನಿ ಭಕ್ತರದ್ದಾಗಬಾರದು. ‘ನಿಧನರಾದರು’ ಎಂದು ಬರೆದು, ಮುಂದಿನ ವಾಕ್ಯದಲ್ಲಿ ಸಮಾಧಿಯ ಬರಹವನ್ನು ಸಮಾಧಿಯ ಬರಹವೆಂದೇ ಕೊಟ್ಟೆ. ಇದಕ್ಕೆ ಇಬ್ಬರೂ ಒಪ್ಪಿದರು. ಇಡೀ ಕೆಲಸದಲ್ಲಿ ಸಲೀಸಾಗಿ ಮುಗಿದದ್ದು ಇದೊಂದೇ.

ಇನ್ನು ಆ 11 ಸುತ್ತುಗಳ ಕಥೆ.

1984ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ದಿ ಡಾಲ್ಸ್ ಎಂಬ ಊರಿನಲ್ಲಿ 751 ಜನ ವಾಂತಿಭೇದಿ, ಜ್ವರದಿಂದ ಹಾಸಿಗೆ ಹಿಡಿದರು. ಅವರಲ್ಲಿ 45 ಜನರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. 10 ಹೋಟೆಲುಗಳಲ್ಲಿ ಸಲಾಡ್ ಇಟ್ಟ ಬಟ್ಟಲುಗಳಿಗೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆರೆಸಲಾಗಿತ್ತು. ಬೆರೆಸಿದವರು ರಜನೀಶರೂ ಶಿಷ್ಯರೂ ಒಟ್ಟಾಗಿ ನೆಲೆಸಿದ್ದ, ಹತ್ತಿರದ ರಜನೀಶ್‌ಪುರಂ ಕಮ್ಯೂನಿನ ಕೆಲವರು. ನವೆಂಬರ್‌ನಲ್ಲಿ ಕೌಂಟಿ ಚುನಾವಣೆ ಇತ್ತು. ಊರಿನವರು ಕಾಯಿಲೆ ಬಿದ್ದು ಮತ ಹಾಕಲು ಬಾರದಿದ್ದರೆ ತಮ್ಮವರು ಗೆಲ್ಲಬಹುದೆಂಬ ಲೆಕ್ಕ.

ಇದನ್ನು ನಾನು ಮೊದಲ ಕರಡಿನಲ್ಲಿ ಬರೆದದ್ದು ಹೀಗೆ: ‘ರಜನೀಶರು ತಮ್ಮ ಶಿಷ್ಯರಿಂದ 751 ಜನರಿಗೆ ವಿಷ ಹಾಕಿಸಿದರು ಎನ್ನಲಾಗಿದೆ.’ ಹಳೆಯ ವಾರಪತ್ರಿಕೆಯೊಂದರ ತುಣುಕು ನನ್ನ ಕಡತದಲ್ಲಿತ್ತು, ಅದರಿಂದ ಎತ್ತಿದ್ದೆ. ಕಾಕಾ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಮೆತ್ತಗೆ ಕೇಳಿದರು: “ಯಾರು ಅಂದರು, ಅವ್ವಾ?”

ನನ್ನಲ್ಲಿ ಉತ್ತರವಿರಲಿಲ್ಲ. ವಾರಪತ್ರಿಕೆ ಅಂದಿತ್ತು. ವಾರಪತ್ರಿಕೆಗೆ ಯಾರು ಅಂದಿದ್ದರು? ಆ ರಾತ್ರಿ ಕೆಂಪು ಪೆನ್ಸಿಲ್ ಹಿಡಿದು ಕೂತೆ. ‘ಎನ್ನಲಾಗಿದೆ’ ಇರುವ ಕಡೆಯಲ್ಲೆಲ್ಲ ಹೇಳಿದವರು ಮಾಯವಾಗಿದ್ದರು, ಹೇಳಿದ ಮಾತು ಮಾತ್ರ ಗಟ್ಟಿಯಾಗಿ ನಿಂತಿತ್ತು. ಎಚ್ಚರಿಕೆಯಿಂದ ಬರೆಯುತ್ತಿದ್ದೇನೆಂದು ನಂಬಿಕೊಂಡು, ಯಾರ ಮಾತೆಂದು ಹೇಳುವ ಹೊಣೆಯಿಂದ ನಾನು ನುಣುಚಿಕೊಂಡಿದ್ದೆ. 11ಕ್ಕೆ 11ನ್ನೂ ಒಡೆಯಬೇಕು, ಪ್ರತಿಯೊಂದರ ಹಿಂದೆ ಇರುವ ಬಾಯಿಯನ್ನು ಹುಡುಕಬೇಕು ಎಂದು ನಿಶ್ಚಯಿಸಿದೆ.

ಊಟದ ಮೇಜಿನ ಮೇಲೆ ನಾಲ್ಕು ಗುಡ್ಡೆ ಮಾಡಿದೆ. ಆಶ್ರಮದವರು ಪ್ರಕಟಿಸಿದ ಪುಸ್ತಕಗಳು ಒಂದು ಕಡೆ. ಬಿಟ್ಟುಬಂದ ಶಿಷ್ಯರ ಬರಹಗಳು ಇನ್ನೊಂದು ಕಡೆ. ಆ ಕಾಲದ ಪತ್ರಿಕೆಗಳ ಪ್ರತಿಗಳು. ಇವುಗಳಲ್ಲಿ ಓರೆಗಾನಿನ ದಿ ಓರೆಗೋನಿಯನ್ ಪತ್ರಿಕೆ 1985ರ ಬೇಸಿಗೆಯಲ್ಲಿ 20 ಕಂತುಗಳಲ್ಲಿ ಪ್ರಕಟಿಸಿದ ವರದಿಗಳೂ ಇದ್ದವು, ಅಮೆರಿಕದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಹುಡುಕಿ ಕಳುಹಿಸಿದ್ದಳು. ಕೊನೆಯದು ನ್ಯಾಯಾಲಯ ಮತ್ತು ಆರೋಗ್ಯ ಇಲಾಖೆಗೆ ಸಂಬಂಧಿಸಿದ ಕಾಗದಗಳು. ಸೇಡಂ ರಸ್ತೆಯ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಏಪ್ರಿಲ್ ಬಿಸಿಲಿನಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ.

ಸರಕಾರಿ ಕಾಗದವೆಂದರೆ ಗಟ್ಟಿ, ಭಕ್ತರ ಪುಸ್ತಕವೆಂದರೆ ಪೊಳ್ಳು ಎಂದು ನಾನೂ ಎಣಿಸಿದ್ದೆ. ದಿ ಡಾಲ್ಸ್ ಪ್ರಕರಣ ಆ ಎಣಿಕೆಯನ್ನು ಮುರಿಯಿತು. ಆರೋಗ್ಯಾಧಿಕಾರಿಗಳು ಮೊದಲು ಹೇಳಿದ್ದು, ಹೋಟೆಲಿನ ಕೆಲಸಗಾರರು ಕೈ ಸರಿಯಾಗಿ ತೊಳೆಯದೆ ಸೋಂಕು ಹರಡಿದೆ ಎಂದು. ಕಾಕಾ ಇದನ್ನೇ ಹಿಡಿದು, “ನೋಡು, ಅಲ್ಲಿಯ ಸರಕಾರವೇ ಬರೆದುಕೊಟ್ಟಿದೆ” ಎಂದರು. ಒಂದು ವರ್ಷದ ನಂತರ, 1985ರ ಅಕ್ಟೋಬರ್‌ನಲ್ಲಿ ತನಿಖಾಧಿಕಾರಿಗಳು ಕಮ್ಯೂನಿನ ಪ್ರಯೋಗಾಲಯ ಹೊಕ್ಕಾಗ ಅದೇ ತಳಿಯ ಬ್ಯಾಕ್ಟೀರಿಯಾ ಸಿಕ್ಕಿತು. ಪೂರ್ಣ ವಿವರ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 1997ರಲ್ಲಿ. ಪಾಪ, ಆ ಹೋಟೆಲಿನ ಅಡುಗೆಯವರು ಒಂದು ವರ್ಷ ತಪ್ಪಿಲ್ಲದೆ ತಪ್ಪಿನ ಭಾರ ಹೊತ್ತರು. ಮೊದಲ ವರದಿಯೂ ಸರಕಾರಿ, ಕೊನೆಯ ವರದಿಯೂ ಸರಕಾರಿ. ಯಾವುದನ್ನು ಯಾರು, ಯಾವಾಗ, ಏನು ಕಣ್ಣಾರೆ ನೋಡಿ ಬರೆದರು ಎಂಬುದನ್ನು ಕೇಳದೆ ಬರೀ ಮೊಹರು ನೋಡಿದರೆ ಎರಡಕ್ಕೂ ಒಂದೇ ಬೆಲೆ ಬರುತ್ತದೆ.

ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತ ಬಂದವಳು. ಬಸವಣ್ಣನವರ ಬದುಕಿಗೆ ಹರಿಹರನ ರಗಳೆ ಇದೆ, 1369ರ ಭೀಮಕವಿಯ ಪುರಾಣ ಇದೆ, 1260ರ ಅರ್ಜುನವಾಡ ಶಾಸನ ಇದೆ. ಪುರಾಣದಿಂದ ಭಕ್ತರ ಮನಸ್ಸು ತಿಳಿಯುತ್ತದೆ, ಶಾಸನದಿಂದ ಹೆಸರು, ವಂಶ ತಿಳಿಯುತ್ತದೆ, ಒಂದನ್ನು ಕೇಳಬೇಕಾದ್ದನ್ನು ಇನ್ನೊಂದನ್ನು ಕೇಳಬೇಡಿ ಎಂದು ಹುಡುಗರಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಎಂಟುನೂರು ವರ್ಷದ ಹಿಂದಿನದಕ್ಕೆ ಸಲೀಸಾಗಿ ಅನ್ವಯಿಸಿದ ಪಾಠ, ಎದುರಿಗೆ ಕಾಕಾ ಕೂತಾಗ ಕಷ್ಟವಾಯಿತು.

ಏಕೆಂದರೆ ಕಾಕಾ ಸ್ವತಃ ಒಂದು ಆಕರ. ಪುಣೆಯಲ್ಲಿ ಬೆಳಗಿನ ಪ್ರವಚನಕ್ಕೆ ಸಭಾಂಗಣದ ಬಾಗಿಲಲ್ಲಿ ಇಬ್ಬರು ನಿಂತು ಒಳಗೆ ಹೋಗುವವರ ತಲೆ, ಬಟ್ಟೆ ಮೂಸಿ ನೋಡುತ್ತಿದ್ದರಂತೆ. ಗುರುಗಳಿಗೆ ಅಸ್ತಮಾ ಇತ್ತು, ಅತ್ತರು, ಎಣ್ಣೆಯ ವಾಸನೆ ಆಗುತ್ತಿರಲಿಲ್ಲ. ಕಲಬುರಗಿಯಿಂದ ಹೋದ ಹುಡುಗ ಅಭ್ಯಾಸದಂತೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ನಿಂತಿದ್ದ. ಎರಡು ದಿನ ಬಾಗಿಲಿನಿಂದಲೇ ವಾಪಸು. ಮೂರನೆಯ ದಿನ ನಸುಕಿನಲ್ಲಿ ಎದ್ದು ಸೀಗೆಕಾಯಿ ಹಾಕಿ ತಲೆ ತಿಕ್ಕಿ, ಮತ್ತೆ ತಿಕ್ಕಿ, ಒಳಗೆ ಹೋಗಿ ಕೂತರಂತೆ. ಇದನ್ನು ಹೇಳುವಾಗ ಕಾಕಾ ತಮ್ಮ ಬಿಳಿ ತಲೆಯ ಮೇಲೆ ಕೈಯಾಡಿಸಿಕೊಂಡರು, ನಲವತ್ತೇಳು ವರ್ಷದ ಮೇಲೂ ಎಣ್ಣೆ ಉಳಿದಿದೆಯೋ ಎಂದು ನೋಡುವವರಂತೆ. ಈ ಸಾಕ್ಷ್ಯವನ್ನು ನಾನು ಸಂಪೂರ್ಣ ನಂಬುತ್ತೇನೆ. ಪುಣೆಯ ಬಾಗಿಲಿನ ಬಗ್ಗೆ ಅವರನ್ನು ಮೀರಿದ ಆಕರ ನನಗೆ ಈ ಊರಿನಲ್ಲಿ ಸಿಗಲಾರದು. ಓರೆಗಾನಿನ ಅಡುಗೆಮನೆಯ ಬಗ್ಗೆ ಮಾತ್ರ ಅವರ ಮಾತು ಸಾಲದು, ಅವರು ಅಲ್ಲಿಗೆ ಹೋದವರಲ್ಲ. ಇದನ್ನು ಅವರ ಮುಖಕ್ಕೆ ಹೇಳುವುದು ನನಗೆ ಬಹಳ ಕಠಿಣವಾಯಿತು. ಹೇಳಿದೆ.

ವಕೀಲ ಸಾಹೇಬರಿಗೂ ಹೇಳಬೇಕಾಯಿತು. ಬಿಟ್ಟುಬಂದ ಶಿಷ್ಯರೊಬ್ಬರ ಪುಸ್ತಕ ಅವರ ಕೈಯಲ್ಲಿ ಸದಾ ಇರುತ್ತಿತ್ತು. ಕಾಕಾ ಅದನ್ನು “ಹೊಟ್ಟೆಕಿಚ್ಚಿನ ಪುರಾಣ” ಎನ್ನುತ್ತಿದ್ದರು. ನಾನು ಹಾಗೆ ತಳ್ಳಿಹಾಕಲಿಲ್ಲ. ಬಿಟ್ಟುಬಂದವರು ಒಳಗಿದ್ದವರೇ ತಾನೇ? ಆದರೆ ಆ ಪುಸ್ತಕದಲ್ಲಿ ಲೇಖಕರು ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರೂ ಒಂದೇ ದನಿಯಲ್ಲಿದ್ದವು. ಮೂರು ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆದು ಕೊಟ್ಟೆ. ಕಂಡದ್ದನ್ನು ಮಾತ್ರ ಅವರ ಹೆಸರು ಹೇಳಿ ತೆಗೆದುಕೊಂಡೆವು.

ಅಮೆರಿಕ ಬಿಟ್ಟ ಮೇಲೆ ರಜನೀಶರಿಗೆ ‘21 ದೇಶಗಳು ಬಾಗಿಲು ಮುಚ್ಚಿದವು’ ಎಂಬ ಸಾಲೂ ಹೀಗೆಯೇ ಹೋಯಿತು. ಮೂರು ಪುಸ್ತಕಗಳಲ್ಲಿ ಆ ಸಂಖ್ಯೆ ಇತ್ತು. ಹಿಂಬಾಲಿಸಿ ನೋಡಿದರೆ ಮೂರೂ ಅನುಯಾಯಿಗಳ ಪ್ರಕಟಣೆಗೇ ಬಂದು ನಿಂತವು. ಮೂರು ಪುಸ್ತಕ, ಒಂದೇ ಬಾಯಿ. 1986ರ ಮಾರ್ಚ್‌ನಲ್ಲಿ ಗ್ರೀಸ್ ಅವರನ್ನು ಹೊರಹಾಕಿತು ಎಂಬುದನ್ನು ನಮ್ಮ ವಾಕ್ಯವಾಗಿ ಬರೆದು, 21ನ್ನು ಅನುಯಾಯಿಗಳ ಲೆಕ್ಕವೆಂದು ಬರೆದೆ. ಅಮೆರಿಕದ ಜೈಲಿನಲ್ಲಿ ತಮಗೆ ವಿಷ ಕೊಟ್ಟರೆಂಬುದು ರಜನೀಶರದೇ ಆರೋಪ. ಅದು ಅವರ ಹೆಸರಿನಲ್ಲೇ ಬಂತು, ಅಲ್ಲಿಯ ಅಧಿಕಾರಿಗಳು ಅದನ್ನು ಅಲ್ಲಗಳೆದದ್ದೂ ಪಕ್ಕದಲ್ಲೇ ಬಂತು. ಕಮ್ಯೂನಿನಲ್ಲಿ ಅವರ ಬಳಕೆಗಿದ್ದ 93 ರೋಲ್ಸ್ ರಾಯ್ಸ್ ಕಾರುಗಳ ವಿಷಯಕ್ಕೆ ಮಾತ್ರ ತಕರಾರೇ ಬರಲಿಲ್ಲ. ಒಬ್ಬರಿಗೆ ಅದು ಲೀಲೆ, ಒಬ್ಬರಿಗೆ ಅದು ದುರಾಸೆ, ಸಂಖ್ಯೆ ಇಬ್ಬರಿಗೂ ಒಂದೇ.

ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ಉಳಿದದ್ದು ಮೇ ತಿಂಗಳ ಒಂದು ರಾತ್ರಿ. ಹತ್ತೂವರೆಗೆ ವಕೀಲ ಸಾಹೇಬರ ಫೋನು. ‘1985ರ ನವೆಂಬರ್‌ನಲ್ಲಿ ರಜನೀಶ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡರು’ ಎಂಬ ವಾಕ್ಯವನ್ನು ಸೇರಿಸಿದವರು ಅವರೇ. ಕಾಕಾ ಎಷ್ಟು ಬೇಡಿಕೊಂಡರೂ ತೆಗೆಯಲು ಬಿಟ್ಟಿರಲಿಲ್ಲ.

“ಮೇಡಂ, ಆ ವಾಕ್ಯ ತಪ್ಪು. ನಾನೇ ತಪ್ಪು ಬರೆಸಿದ್ದೇನೆ” ಎಂದರು.

ಅಕ್ಟೋಬರ್ 28ರಂದು ರಜನೀಶರ ಬಂಧನವಾದದ್ದು ಉತ್ತರ ಕ್ಯಾರೊಲೈನಾ ರಾಜ್ಯದ ಶಾರ್ಲೆಟ್ ನಗರದಲ್ಲಿ. ವಿಚಾರಣೆಯಲ್ಲಿ ಅವರು ಮಂಡಿಸಿದ್ದು ‘ಆಲ್ಫರ್ಡ್ ಪ್ಲೀ’. ಅದೇ ರಾಜ್ಯದ ಒಂದು ಮೊಕದ್ದಮೆಯಲ್ಲಿ 1970ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ ಪದ್ಧತಿ ಅದು. ಆರೋಪಿ ತಾನು ನಿರಪರಾಧಿ ಎನ್ನುತ್ತಲೇ, ಎದುರಿಗಿರುವ ಸಾಕ್ಷ್ಯ ತನ್ನನ್ನು ದೋಷಿ ಎನ್ನಲು ಸಾಕಾಗಬಹುದು ಎಂದು ಒಪ್ಪಿ ಶಿಕ್ಷೆ ಸ್ವೀಕರಿಸಬಹುದು. ವಲಸೆ ಕಾನೂನಿನ ಎರಡು ಆರೋಪಗಳಿಗೆ ಅವರು ಹಾಗೆ ಮಾಡಿದರು. ಒಂದು, ಅಮೆರಿಕದಲ್ಲೇ ನೆಲೆಸುವ ಉದ್ದೇಶವನ್ನು 1981ರಲ್ಲಿ ವೀಸಾ ಕೇಳುವಾಗ ಮುಚ್ಚಿಟ್ಟದ್ದು. ಇನ್ನೊಂದು, ಶಿಷ್ಯರಿಗೆ ಅಲ್ಲಿ ಉಳಿಯಲು ನೆಪದ ಮದುವೆ ಮಾಡಿಸುವ ಸಂಚು. 4 ಲಕ್ಷ ಡಾಲರ್ ದಂಡ, ಅಮಾನತಿನಲ್ಲಿಟ್ಟ 10 ವರ್ಷದ ಸಜೆ, ದೇಶ ಬಿಟ್ಟುಹೋಗಬೇಕೆಂಬ ಷರತ್ತು.

“ನಮ್ಮ ನ್ಯಾಯಾಲಯಗಳಲ್ಲಿ ಇಂಥದ್ದು ಇಲ್ಲ, ಅದಕ್ಕೇ ನನಗೆ ಹೊಳೆಯಲಿಲ್ಲ. ‘ತಪ್ಪೊಪ್ಪಿಕೊಂಡರು’ ಎಂದರೆ ಸುಳ್ಳಾಗುತ್ತದೆ. ‘ನಿರಪರಾಧಿಯಾದರು’ ಎಂದರೂ ಸುಳ್ಳೇ. ಬಿಡಿಸಿ ಬರೆಯಿರಿ, ಎಷ್ಟು ಪದ ಬೇಕಾದರೂ ಹೋಗಲಿ. ಕಾಕಾಗೆ ನಾನೇ ಹೇಳುತ್ತೇನೆ” ಎಂದು ಫೋನಿಟ್ಟರು. ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ಅವರು ಕಾಕಾ ಮನೆಗೆ ಹೋಗಿ ಬಂದದ್ದು ನನಗೆ ಆಮೇಲೆ ತಿಳಿಯಿತು. ಅಲ್ಲಿಂದ ಮುಂದೆ ಇಬ್ಬರ ದನಿ ತಗ್ಗಿತು.

ಉಳಿದದ್ದು ಒಂದೇ ಪ್ರಶ್ನೆ. ವಿಷದ ಸಂಗತಿ ರಜನೀಶರಿಗೆ ಗೊತ್ತಿತ್ತೇ? ಕಾಕಾ ಬಯಸಿದ್ದು: ‘ಅವರಿಗೆ ಇದಾವುದೂ ಗೊತ್ತಿರಲಿಲ್ಲ.’ ವಕೀಲ ಸಾಹೇಬರು ಬಯಸಿದ್ದು: ‘ಅವರಿಗೆ ಗೊತ್ತಿಲ್ಲದೆ ಅಲ್ಲಿ ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ.’ ಶೀಲಾ ಹೊರಟುಹೋದ ಮೇಲೆ, 1985ರ ಸೆಪ್ಟೆಂಬರ್‌ನಲ್ಲಿ ರಜನೀಶರೇ ಪತ್ರಕರ್ತರ ಮುಂದೆ ಶೀಲಾ ಮತ್ತು ಅವರ ಸಂಗಡಿಗರ ಮೇಲೆ ವಿಷಪ್ರಾಶನದ ಆರೋಪ ಹೊರಿಸಿದ್ದರು. ಆ ಮಾತುಗಳ ಪುಸ್ತಕವನ್ನು ಕಾಕಾ ತಂದು ಮುಂದಿಟ್ಟರು. “ಇದಕ್ಕಿಂತ ಪುರಾವೆ ಬೇಕೇ?”

“ಕಾಕಾ, ಅವರು ಹಾಗೆ ಹೇಳಿದರು ಎಂಬುದಕ್ಕೆ ಇದು ಪುರಾವೆ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ಕೊನೆಗೆ ಸಂಗತಿಗಳನ್ನು ಮಾತ್ರ ಸಾಲಾಗಿ ಇಡುವುದೆಂದಾಯಿತು. ಅದಕ್ಕೂ ವಕೀಲ ಸಾಹೇಬರು ತಕರಾರು ತೆಗೆದರು: “ಮೇಡಂ, ಸಾಲಿನ ಕೊನೆಗೆ ಬಂದದ್ದೇ ಓದುವವರ ತಲೆಯಲ್ಲಿ ಉಳಿಯುತ್ತದೆ.” ನಿಜ. ಹಾಗಾಗಿ ಒಂದು ಇಡೀ ಸಂಜೆ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು ಜಮಖಾನೆಯ ಮೇಲೆ ಹರಡಿ, ಮೇಲೆ ಕೆಳಗೆ ಸರಿಸುತ್ತ ಕೂತೆವು. ಇಸವಿಯ ಪ್ರಕಾರ ಇಟ್ಟರೆ ಮೂವರಲ್ಲಿ ಯಾರ ಕೈವಾಡವೂ ಇರುವುದಿಲ್ಲ ಎಂದು ಕಾಕಾ ಅವರೇ ಸೂಚಿಸಿದರು. 1981ರ ಏಪ್ರಿಲ್‌ನಿಂದ 1984ರ ಅಕ್ಟೋಬರ್ ಕೊನೆಯವರೆಗೆ ರಜನೀಶರು ಸಾರ್ವಜನಿಕ ಮೌನದಲ್ಲಿದ್ದರು, ಆ ಕಾಲದಲ್ಲಿ ಕಾರ್ಯದರ್ಶಿ ಶೀಲಾ ಅವರ ಪರವಾಗಿ ಮಾತನಾಡುತ್ತಿದ್ದರು. ಮೌನ ಮುಗಿಯುವ ಮೊದಲೇ 751 ಜನರಿಗೆ ವಿಷ. 1985ರಲ್ಲಿ ಅವರು ಹೊರಿಸಿದ ಆರೋಪ, ಆಲ್ಫರ್ಡ್ ಪ್ಲೀ. 1986ರಲ್ಲಿ ಶೀಲಾಗೆ 20 ವರ್ಷದ ಸಜೆ, ಅದರಲ್ಲಿ ಅವರು ಜೈಲಿನಲ್ಲಿ ಕಳೆದದ್ದು 29 ತಿಂಗಳು. ವಿಷಪ್ರಾಶನದ ಮೊಕದ್ದಮೆಯಲ್ಲಿ ರಜನೀಶರ ಮೇಲೆ ಆರೋಪ ದಾಖಲಾಗಲಿಲ್ಲ. ಅಲ್ಲಿಗೆ ಪೂರ್ಣವಿರಾಮ. ಬರಹ 1,340 ಪದವಾಯಿತು. ಬಳಗದವರು 140 ಪದವನ್ನು ಮನ್ನಿಸಿದರು.

ಜೂನ್ ಮೊದಲ ವಾರ, ಮೊದಲ ಮಳೆ ಬಿದ್ದ ದಿನ, ಕರಡಚ್ಚನ್ನು ಇಬ್ಬರಿಗೂ ಕೊಟ್ಟೆ. ವಕೀಲ ಸಾಹೇಬರು ಎಲ್ಲ ಪುಟಗಳಿಗೂ ಸಹಿ ಹಾಕಿ ಅಂದೇ ಹಿಂದಿರುಗಿಸಿದರು. ಕಾಕಾ ಮೂರು ದಿನ ಇಟ್ಟುಕೊಂಡರು. ನಾಲ್ಕನೆಯ ದಿನ ಮೊಮ್ಮಗನ ಕೈಯಲ್ಲಿ ಕಳುಹಿಸಿದ ಲಕೋಟೆ ತೆರೆದರೆ ಒಂದನೆಯ ಪುಟದಲ್ಲಿ ಸಹಿ, ಎರಡನೆಯ ಪುಟದಲ್ಲಿ ಸಹಿ, ನಾಲ್ಕನೆಯ ಪುಟದಲ್ಲೂ ಸಹಿ. 751 ಇದ್ದ ಮೂರನೆಯ ಪುಟದಲ್ಲಿ ಸಹಿ ಇರಲಿಲ್ಲ. ಒಂದು ಅಕ್ಷರವನ್ನೂ ಹೊಡೆದಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ಓದಿದ್ದೇನೆ’ ಎಂದು ಬರೆದಿದ್ದರು. ಬಳಗದವರಿಗೆ ಆ ಪುಟ ತೋರಿಸಿದೆ. ಇಷ್ಟು ಸಾಕು ಎಂದರು, ಅಚ್ಚಿಗೆ ಕಳುಹಿಸಿದೆವು.